ಸೆರೆಮನೆಯ ಚೆನ್ನಮ್ಮನನ್ನು ರಂಗಕ್ಕೆ ತಂದದ್ದು

ಬೈಲಹೊಂಗಲ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು, ಕಿತ್ತೂರು ವಿಜಯಕ್ಕೆ ಇನ್ನೂರು ವರ್ಷ ತುಂಬಿದ 2024ರಲ್ಲಿ, ನಮ್ಮ ಹುಡುಗಿಯರಿಗಾಗಿ ರಾಣಿ ಚೆನ್ನಮ್ಮನ ಏಕಪಾತ್ರಾಭಿನಯವೊಂದನ್ನು ಬರೆದೆ. ಮೊದಲ ಕರಡಿನಲ್ಲಿ ಇದ್ದದ್ದು ಬರೀ ಯುದ್ಧ: 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಬಂಟ ಅಮಟೂರು ಬಾಳಪ್ಪನ ಗುಂಡಿಗೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಉರುಳುವುದು, ರಟ್ಟಿನ ಖಡ್ಗ ಮೇಲೇಳುವುದು, ಜಯಘೋಷ, ಮುಕ್ತಾಯ. ತಾಲೀಮಿನ ಮೂರನೆಯ ದಿನ ಪಾತ್ರ ಮಾಡುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿ, "ಅಕ್ಕೋರ, ಆಮ್ಯಾಲ ನಮ್ಮೂರ ಸೆರಿಯೊಳಗ ರಾಣಿ ನಾಕ ವರ್ಷ ಏನ ಮಾಡ್ತಿದ್ಳರೀ?" ಎಂದು ಕೇಳಿದಳು. ಆಕೆಯ ಸಮಾಧಿಯ ಮುಂದೆಯೇ ನಿತ್ಯ ಓಡಾಡುವ ನನ್ನ ಬಳಿ ಉತ್ತರವಿರಲಿಲ್ಲ.

ಆ ಕರಡನ್ನು ಬದಿಗಿಟ್ಟು, ಡಿಸೆಂಬರಿನಲ್ಲಿ ಕಿತ್ತೂರು ಕೋಟೆ ಬಿದ್ದ ನಂತರದಿಂದ ಆರಂಭಿಸಿದೆ. ಬೈಲಹೊಂಗಲದ ಕೋಟೆಯಲ್ಲಿ ಬಂದಿಯಾಗಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡ ಆಕೆ ಅಲ್ಲಿ ಏನು ಮಾತನಾಡಿದಳೆಂಬುದನ್ನು ನಾನು ಕಲ್ಪಿಸಲು ಹೋಗಲಿಲ್ಲ. ಲಿಂಗಪೂಜೆಯಲ್ಲಿ ದಿನ ಕಳೆದಳೆಂಬ ನಮ್ಮ ಕಡೆಯ ಹಿರಿಯರ ಮಾತನ್ನಷ್ಟೇ ಹಿಡಿದು, ವಿಭೂತಿ ಧರಿಸಿ ಮೌನವಾಗಿ ಕೂರುವ ಎರಡು ನಿಮಿಷಗಳ ದೃಶ್ಯವನ್ನಿಟ್ಟೆ. ಆ ಮೌನವನ್ನು ತಡೆದುಕೊಳ್ಳಲು ಹುಡುಗಿಗೆ ಬಹಳ ಕಷ್ಟವಾಯಿತು, ಏಕೆಂದರೆ ನಮ್ಮ ಭಾಗದ ಮಕ್ಕಳಿಗೆ ಚೆನ್ನಮ್ಮನೆಂದರೆ ಸಿನಿಮಾದಿಂದ ಬಂದ ಏರುದನಿಯ ಸಂಭಾಷಣೆ.

ಹೋರಾಟದ ಕಾರಣವನ್ನು ತೋರಿಸಲು ಖಡ್ಗಕ್ಕಿಂತ ಬೀಗವೇ ಹೆಚ್ಚು ನೆರವಾಯಿತು. ಚೆನ್ನಮ್ಮನ ಪತಿ, ಕಿತ್ತೂರಿನ ದೊರೆ ಮಲ್ಲಸರ್ಜನ ಮಗ ಶಿವಲಿಂಗರುದ್ರ ಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ, ಆತ ಮಾಡಿಕೊಂಡಿದ್ದ ದತ್ತಕವನ್ನು ಕಂಪನಿ ಸರ್ಕಾರ ಒಪ್ಪದೆ ಭಂಡಾರಕ್ಕೆ ಮುದ್ರೆಯೊತ್ತಿ ಕಾವಲಿಟ್ಟಿತ್ತು. ನಾನು ನಮ್ಮ ಮನೆಯ ಹಳೆಯ ಹಿತ್ತಾಳೆ ಬೀಗವನ್ನೇ ಒಯ್ದು ರಂಗದ ನಡುವೆ ತೂಗುಹಾಕಿದೆ. ತನ್ನ ಮನೆಯ ಬಾಗಿಲಿಗೇ ಪರರ ಬೀಗ ಬಿದ್ದ ಹೆಣ್ಣಿನ ಸಿಟ್ಟು ವಿವರಣೆಯಿಲ್ಲದೆ ಮಕ್ಕಳಿಗೆ ತಿಳಿಯಿತು.

ಕೊನೆಗೆ ಒಂದು ಎಡವಟ್ಟೂ ಆಯಿತು. ಶಿವಲಿಂಗರುದ್ರನ ವಿಧವೆ, ಸೊಸೆ ವೀರವ್ವನೂ ಸೆರೆಯಾಗಿದ್ದಳೆಂಬುದನ್ನು ಬಿಡಲು ಮನಸ್ಸಾಗದೆ ಇನ್ನೊಬ್ಬ ಹುಡುಗಿಯನ್ನು ಮಾತಿಲ್ಲದೆ ಪಕ್ಕದಲ್ಲಿ ಕೂರಿಸಿದೆ. ಏಕಪಾತ್ರದ ಸ್ಪರ್ಧೆಯಲ್ಲಿ ಇಬ್ಬರು ಕಂಡದ್ದರಿಂದ ತೀರ್ಪುಗಾರರು ನಮ್ಮನ್ನು ಕೈಬಿಟ್ಟರು. ನಿಯಮದ ಪ್ರಕಾರ ಅವರದೇ ಸರಿ. ಆದರೂ ಈ ವರ್ಷದ ಪ್ರತಿಯಲ್ಲಿ ವೀರವ್ವನಿಗೆ ನಾಲ್ಕು ಸಾಲು ಮಾತನ್ನೂ ಸೇರಿಸಿದ್ದೇನೆ.