ಕರಿ ಕೋಟಿನ ಮೇಲೆ ಬಿಳಿ ಕೂದಲು: ನೀರಿಗೆ ಹಾಕುವ ಮೊದಲೇ ತೆಗೆಯಿರಿ

ನಾಯಿ, ಬೆಕ್ಕಿನ ಕೂದಲು ಅಂಟಿದ ಬಟ್ಟೆಯನ್ನು ಸೀದಾ ಬಕೆಟ್ಟಿಗೆ ಹಾಕಬೇಡಿ. ಬಟ್ಟೆ ಒಣಗಿರುವಾಗಲೇ ಕೂದಲು ತೆಗೆಯಬೇಕು. ನೀರು ಬಿದ್ದರೆ ಅದು ನೂಲಿನ ಸಂದಿಯಲ್ಲಿ ಕೂತುಬಿಡುತ್ತದೆ. ಒಂದು ಅಂಗಿಯಲ್ಲಿದ್ದದ್ದು ಬಕೆಟ್ಟಿನಲ್ಲಿರುವ ಎಲ್ಲ ಬಟ್ಟೆಗೂ ಹರಡುತ್ತದೆ. ಆಮೇಲೆ ಅದು ಇಸ್ತ್ರಿ ಮೇಜಿನ ಮೇಲೆ ನನ್ನ ಕೈಗೆ ಬರುತ್ತದೆ.

ಕಲಬುರಗಿಯ ನಮ್ಮ ಇಸ್ತ್ರಿ ಅಂಗಡಿಗೆ ವಕೀಲರ ಕರಿ ಕೋಟುಗಳು ತುಂಬಾ ಬರುತ್ತವೆ. 2008ರಲ್ಲಿ ಇಲ್ಲಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಬೇಸಿಗೆಯಲ್ಲಿ ಕೆಳಗಿನ ಕೋರ್ಟುಗಳಲ್ಲಿ ಕೋಟು ಕಡ್ಡಾಯವಲ್ಲ, ಹೈಕೋರ್ಟಿನಲ್ಲಿ ಮಾತ್ರ ಬೇಕೇ ಬೇಕು. ಮನೆಯಲ್ಲಿ ಬಿಳಿ ಪಾಮರೇನಿಯನ್ ಇದ್ದರೆ ಆ ಕೋಟಿನ ಗತಿ ನೀವೇ ಊಹಿಸಿ. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ಪಾಲಿಯೆಸ್ಟರ್ ಬಟ್ಟೆ ಮೈಗೆ ಉಜ್ಜಿದರೆ ಸಾಕು, ಕರೆಂಟು ಹುಟ್ಟಿ ಚಿಟಪಟ ಅನ್ನುತ್ತದೆ. ಅದೇ ಕರೆಂಟು ಕೂದಲನ್ನೂ ಎಳೆದು ಹಿಡಿಯುತ್ತದೆ. ಅದಕ್ಕೇ ಒಣ ಕೈಯಿಂದ ಎಷ್ಟು ಜಾಡಿಸಿದರೂ ಅದು ಬಿಡುವುದಿಲ್ಲ.

ನನ್ನ ಮುಖ್ಯ ಸಾಮಾನು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು. ಸೂಪರ್ ಮಾರ್ಕೆಟ್ ಕಡೆ ಹೋದರೆ ಸುಲಭವಾಗಿ ಸಿಗುತ್ತದೆ. ಬೆರಳಿನ ಮೇಲೆ ಗೀರು ಗೀರು ಇರುವುದನ್ನು ನೋಡಿ ತನ್ನಿ. ಕೋಟನ್ನು ಹ್ಯಾಂಗರಿಗೆ ಹಾಕಿ. ಗ್ಲೌಸನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಜಾಡಿಸಿ. ನೀರು ತೊಟ್ಟಿಕ್ಕಬಾರದು, ಬರೀ ತೇವ ಇರಬೇಕು. ಹೆಗಲಿನಿಂದ ಶುರು ಮಾಡಿ ಕೆಳಗೆ ಒಂದೇ ದಿಕ್ಕಿಗೆ ಎಳೆಯಿರಿ. ತೇವಕ್ಕೆ ಕರೆಂಟು ಇಳಿಯುತ್ತದೆ, ರಬ್ಬರ್ ಕೂದಲನ್ನು ಹಿಡಿದು ಉಂಡೆ ಮಾಡುತ್ತದೆ. ಉಂಡೆಯನ್ನು ಕೈಯಿಂದ ಎತ್ತಿ ಹಾಕಿ, ಗ್ಲೌಸು ತೊಳೆದು ಮತ್ತೆ ಎಳೆಯಿರಿ. ಕಾಲರ್ ಕೆಳಗೆ, ಜೇಬಿನ ಮುಚ್ಚಳದ ಒಳಗೆ, ತೋಳಿನ ಅಂಚಿನಲ್ಲಿ ನೋಡುವುದನ್ನು ಮರೆಯಬೇಡಿ. ಕೂರುವಾಗ ಸೀಟಿಗೆ ತಾಗುವ ಹಿಂಭಾಗದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ.

ಪಾಮರೇನಿಯನ್ ನಾಯಿಯ ಉದ್ದ ಕೂದಲು ಬಟ್ಟೆಯ ಮೇಲೆಯೇ ಇರುತ್ತದೆ, ಬೇಗ ಬರುತ್ತದೆ. ಲ್ಯಾಬ್ರಡಾರ್ ಮತ್ತು ಬೀದಿಯಿಂದ ತಂದು ಸಾಕಿದ ನಾಯಿಗಳ ಗಿಡ್ಡ, ಗಡಸು ಕೂದಲೇ ಕಷ್ಟ. ಅದು ನೇಯ್ಗೆಯೊಳಗೆ ಚುಚ್ಚಿಕೊಂಡಿರುತ್ತದೆ. ಅಂಥ ಕಡೆ ಗ್ಲೌಸಿನಿಂದ ಮೊದಲು ಸುತ್ತಾಗಿ ಮೆಲ್ಲಗೆ ಉಜ್ಜಿ ಸಡಿಲ ಮಾಡಿ, ಆಮೇಲೆ ಎಳೆಯಿರಿ.

ಅವಸರವಿದ್ದರೆ ಅಗಲದ ಪ್ಯಾಕಿಂಗ್ ಟೇಪನ್ನು ಅಂಟು ಹೊರಗೆ ಬರುವಂತೆ ಅಂಗೈಗೆ ಸುತ್ತಿ ಒತ್ತಿ ಎತ್ತಬಹುದು. ಆದರೆ ನಮ್ಮ ಬಿಸಿಲಿಗೆ ಟೇಪಿನ ಅಂಟು ಮೆತ್ತಗಾಗಿ ಬಟ್ಟೆಗೇ ಹತ್ತುತ್ತದೆ. ನೆರಳಲ್ಲಿ ಮಾಡಿ. ರೇಷ್ಮೆ, ಮಖಮಲ್ಲು, ಜರಿ ಇರುವ ಬಟ್ಟೆಗೆ ಟೇಪೂ ಬೇಡ, ಗ್ಲೌಸೂ ಬೇಡ. ಇಳಕಲ್ ಸೀರೆಯ ಸೆರಗಿಗೆ ಮೆತ್ತನೆಯ ಬ್ರಷ್ಷಿನಿಂದ ಎಳೆಯ ದಿಕ್ಕಿಗೆ ಸವರಿದರೆ ಸಾಕು.

ಇನ್ನು ಕೌದಿ. ಕೌದಿ ಹಾಸಿದ ಕೂಡಲೇ ನಾಯಿ ಬಂದು ಮಲಗುತ್ತದೆ ಅಲ್ವಾ? ಕೌದಿಯ ತುಂಬಾ ಸಣ್ಣ ಸಣ್ಣ ಹೊಲಿಗೆ ಸಾಲು, ಪ್ರತಿ ಸಾಲಿನ ತಗ್ಗಿನಲ್ಲೂ ಕೂದಲು. ಅದನ್ನು ಮಾಳಿಗೆ ಮೇಲೆ ಹಗ್ಗಕ್ಕೆ ಹಾಕಿ, ಕೋಲಿನಿಂದ ಎರಡೂ ಕಡೆ ಬಡಿಯಿರಿ. ಆಮೇಲೆ ತೇವದ ಗ್ಲೌಸನ್ನು ಹೊಲಿಗೆಯ ಉದ್ದಕ್ಕೆ ಎಳೆಯಿರಿ, ಅಡ್ಡಕ್ಕೆ ಬೇಡ. ಅಡ್ಡ ಎಳೆದರೆ ಹಳೆಯ ಕೌದಿಯ ದಾರ ಕಿತ್ತು ಬರುತ್ತದೆ. ಅಜ್ಜಿ ಕೈಯಿಂದ ಹೊಲಿದ ಕೌದಿ ಮತ್ತೆ ಸಿಗುವುದಿಲ್ಲ. ಇದಕ್ಕೆ ಪುರುಸೊತ್ತು ಮಾಡಿಕೊಳ್ಳಿ.

ಕೂದಲು ತೆಗೆದ ಮೇಲೆ ಒಗೆಯಿರಿ. ಕೋಟಿಗಾದರೆ ಒಳಗಿನ ಚೀಟಿ ನೋಡಿ, ಡ್ರೈ ಕ್ಲೀನ್ ಅಂತಿದ್ದರೆ ಮನೆಯಲ್ಲಿ ಒಗೆಯಬೇಡಿ. ಮಷೀನನ್ನು ಪೂರ್ತಿ ತುಂಬಬೇಡಿ. ಬಟ್ಟೆ ಕಡಿಮೆ, ನೀರು ಜಾಸ್ತಿ ಇದ್ದರೆ ಉಳಿದ ಕೂದಲು ತೇಲಿ ಹೋಗುತ್ತದೆ. ಒಮ್ಮೆ ಹೆಚ್ಚಾಗಿ ಜಾಲಿಸಿ. ಒಗೆದಾದ ಮೇಲೆ ಮಷೀನಿನೊಳಗಿನ ಜಾಳಿಗೆಯ ಚೀಲ ಬಿಚ್ಚಿ ತೊಳೆಯಿರಿ. ಇಲ್ಲಾಂದರೆ ಅದೇ ಕೂದಲು ಮುಂದಿನ ಬಟ್ಟೆಗೆ ಬರುತ್ತದೆ. ಬೋರಿನ ಗಡಸು ನೀರಿಗೆ ಬಟ್ಟೆ ಒರಟಾಗುತ್ತಿದ್ದರೆ ಕೊನೆಯ ನೀರಿಗೆ ಕಾಲು ಕಪ್ ಬಿಳಿ ವಿನಿಗರ್ ಹಾಕಬಹುದು. ಬ್ಲೀಚ್ ಹಾಕಿದ ನೀರಿಗೆ ಮಾತ್ರ ವಿನಿಗರ್ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಬೆಕ್ಕು ಮಲಗುವ ಬಟ್ಟೆಗೆ ಸಾಫ್ಟನರ್ ಬೇಡ. ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿ, ಅದು ಹೊಟ್ಟೆಗೆ ಹೋಗುತ್ತದೆ.

ಒಣ ಹಾಕುವ ಮೊದಲು ಜೋರಾಗಿ ಜಾಡಿಸಿ, ಒಣಗಿದ ಮೇಲೆ ಇನ್ನೊಮ್ಮೆ. ಇಸ್ತ್ರಿಗೆ ಮುಂಚೆ ಬೆಳಕಿಗೆ ಹಿಡಿದು ನೋಡಿ. ಬಿಸಿ ಇಸ್ತ್ರಿ ಕೆಳಗೆ ಸಿಕ್ಕ ಕೂದಲು ಬಟ್ಟೆಗೆ ಒತ್ತಿ ಕೂರುತ್ತದೆ. ಕರಿ ಕೋಟಿನ ಮೇಲೆ ತೆಳು ಹತ್ತಿ ಬಟ್ಟೆ ಹಾಸಿಯೇ ಇಸ್ತ್ರಿ ಮಾಡಿ, ನೇರ ಮಾಡಿದರೆ ಹೊಳಪು ಬರುತ್ತದೆ. ಆ ಹೊಳಪು ಹೋಗುವುದು ಕಷ್ಟ.

ನಮ್ಮ ಗಿರಾಕಿಗಳಿಗೆ ನಾನು ಹೇಳುವುದು ಇಷ್ಟೇ: ನಾಯಿಯನ್ನು ದಿನಾ ಮನೆ ಹೊರಗೆ ಬಾಚಿ, ಕೋಟನ್ನು ಬಾಗಿಲ ಹತ್ತಿರ ಕೊನೆಗೆ ಹಾಕಿಕೊಳ್ಳಿ. ಬೇಸಿಗೆ ಅಂತ ಪಾಮರೇನಿಯನ್ ಮೈ ಬೋಳಿಸಬೇಡಿ. ಆ ಕೂದಲು ಅದಕ್ಕೆ ಬಿಸಿಲಿನಿಂದ ರಕ್ಷಣೆ. ಬೇಸಿಗೆ ಬರುವಾಗ ಕೂದಲು ಉದುರುವುದು ಸಹಜ. ಆದರೆ ಮೈಮೇಲೆ ಅಲ್ಲಲ್ಲಿ ಬೋಳಾಗಿದ್ದರೆ, ಚರ್ಮ ಕೆಂಪಾಗಿ ಸದಾ ಕೆರೆದುಕೊಳ್ಳುತ್ತಿದ್ದರೆ ಅದು ಬಟ್ಟೆಯ ಸಮಸ್ಯೆ ಅಲ್ಲ. ಹುಳ, ಉಣ್ಣಿ, ಅಲರ್ಜಿ ಏನಾದರೂ ಇರಬಹುದು. ತಡ ಮಾಡದೆ ಪಶು ವೈದ್ಯರಿಗೆ ತೋರಿಸಿ. ಬೀದರ್ ಕಡೆಯವರಿಗಂತೂ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ.