ಮನೆ ಸಿಕ್ಕಿತು ಅಂತ ನಾಯಿಯನ್ನು ಕೊಟ್ಟುಬಿಡುವ ಮುನ್ನ

ಮಳೆಗಾಲದಲ್ಲಿ ಬೀದಿಯಿಂದ ಮರಿಗಳನ್ನು ಎತ್ತಿಕೊಂಡು ಬರುವವರು ನಮ್ಮ ಗುಂಪಿನಲ್ಲಿ ಜಾಸ್ತಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತಂದ ದಿನವೇ ಫೋಟೋ ಹಾಕಿ 'ಯಾರಾದ್ರೂ ತಗೊಳ್ಳಿ' ಅನ್ನಬೇಡಿ. ಮೊದಲ ಎರಡು ವಾರ ಬೇರೆ ಕೋಣೆಯಲ್ಲಿಡಿ, ಮನೆಯ ಸಾಕುನಾಯಿಯಿಂದ ದೂರ. ಪಾರ್ವೊ ಅನ್ನುವ ವೈರಸ್ ಕಾಯಿಲೆ ತಗುಲಿದ ಮರಿ ಶುರುವಿನ ಕೆಲವು ದಿನ ಚೆನ್ನಾಗಿಯೇ ಆಡಿಕೊಂಡಿರುತ್ತದೆ. ವಾಂತಿ, ರಕ್ತಭೇದಿ ಕಂಡರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಡಾಕ್ಟರ ಹತ್ತಿರ ಹೋಗಿ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ಸಾಲದು, ಬ್ಲೀಚ್ ಬೆರೆಸಿದ ನೀರಿನಲ್ಲೇ ಒರೆಸಬೇಕು.

ದೊಡ್ಡ ನಾಯಿಯಾದರೆ ಉಣ್ಣಿ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ) ಕಚ್ಚಿ ಬರುವ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಹಸಿದು ಸೊರಗಿದ್ದರೆ ಒಂದೇ ಸಲ ತಟ್ಟೆ ತುಂಬಾ ಹಾಕಬೇಡಿ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಕೊಡಿ.

ಇನ್ನು ಮನೆಯ ವಿಷಯ. ಕೇಳಿದವರ ಮನೆಗೆ ನೀವೇ ಹೋಗಿ ನೋಡಿ. ಮನೆಯವರೆಲ್ಲ ಒಪ್ಪಿದ್ದಾರಾ? ಬಾಡಿಗೆ ಮನೆಯಾದರೆ ಮಾಲೀಕರು? ನಾಯಿ ಮಲಗುವುದೆಲ್ಲಿ? ಹಗಲೆಲ್ಲ ಗೇಟಿಗೆ ಕಟ್ಟಿಹಾಕಲು ಕಾವಲಿಗೆ ಬೇಕು ಅಂದರೆ ನಾನಂತೂ ಕೊಡುವುದಿಲ್ಲ, ನೀವೂ ಕೊಡಬೇಡಿ. ದಾಕ್ಷಿಣ್ಯ ಬೇಡ. ಹೆಣ್ಣುಮರಿ ಅಂತ ಹಿಂಜರಿಯುವವರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು ಅಂತ ಹೇಳಿ, ಆಗುವುದಾದರೆ ನೀವೇ ಮಾಡಿಸಿಕೊಡಿ.

ಒಂದು ಸಾಲು ಬರೆಸಿಕೊಳ್ಳಿ: ಹೊಂದದಿದ್ದರೆ ನಿಮಗೇ ವಾಪಸ್ ಕೊಡಬೇಕು, ಬೀದಿಗೆ ಬಿಡಬಾರದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಹಾಗೆ ಬಿಡುವುದು ಅಪರಾಧ.

ಕೊಟ್ಟ ಮೊದಲ ವಾರ ಬಾಗಿಲು ತೆರೆಯುವಾಗ ಹುಷಾರಾಗಿರಲು ಹೇಳಿ. ಹೆದರಿದ ನಾಯಿ ಓಡಿಹೋಗುವುದು ಆಗಲೇ. ಕೊರಳಪಟ್ಟಿಗೆ ಫೋನ್ ನಂಬರಿನ ಬಿಲ್ಲೆ ಕಟ್ಟಿಯೇ ಕಳಿಸಿ.