ಆರ್ಮರ್ಡ್ ಫೈಬರ್ ಕೇಬಲ್: ಆರಿಸುವುದು ಹೇಗೆ, ಹಾಕುವುದು ಹೇಗೆ?

ಆರ್ಮರ್ಡ್ ಅಂದರೆ ಫೈಬರ್ ಎಳೆಗಳ ಸುತ್ತ ಗಟ್ಟಿ ಕವಚ ಇರುವ ಕೇಬಲ್. ಅದನ್ನು ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಅದನ್ನು ಯಾವುದರಿಂದ ಕಾಪಾಡಬೇಕು? ಇಲಿ-ಹೆಗ್ಗಣವೋ, ಗುದ್ದಲಿಯ ಏಟೋ, ಮೇಲೆ ಬೀಳುವ ಭಾರವೋ? ಇವು ಯಾವುವೂ ಇಲ್ಲದ, ಗಟ್ಟಿ ಪೈಪಿನೊಳಗೆ ಹೋಗುವ ಲೈನಿಗೆ ಸಾಮಾನ್ಯ ಫೈಬರ್ ಸಾಕು. ಸುಮ್ನೆ ಲೋಹದ ಕವಚ ಹಾಕಿಸಿದರೆ ತೂಕ ಜಾಸ್ತಿ, ಅರ್ಥಿಂಗ್ ಕೆಲಸ ಬೇರೆ.

ಇನ್ನು ಒಳಗಿನ ಎಳೆ, ಅಂದರೆ ಬೆಳಕಿನ ರೂಪದಲ್ಲಿ ಡೇಟಾ ಒಯ್ಯುವ ಗಾಜಿನ ನಾರು. ಇದರಲ್ಲಿ ಎರಡು ಬಗೆ: ಹತ್ತಿರಕ್ಕೆ ಮಲ್ಟಿಮೋಡ್ (ಓಎಂ3, ಓಎಂ4 ಅದರ ದರ್ಜೆಗಳು), ದೂರಕ್ಕೆ ಸಿಂಗಲ್ ಮೋಡ್. ಓಎಂ3 ಮಲ್ಟಿಮೋಡ್‌ನಲ್ಲಿ 10 ಗಿಗಾಬಿಟ್ ವೇಗ ಸುಮಾರು 300 ಮೀಟರ್ ಹೋಗುತ್ತದೆ, ಓಎಂ4ರಲ್ಲಿ 400. ಕಟ್ಟಡದಿಂದ ಕಟ್ಟಡಕ್ಕೆ ಎಳೆಯುವುದಾದರೆ ಸಿಂಗಲ್ ಮೋಡ್ ಒಳ್ಳೆಯದು. ಈಗ ಬೇಕಾದ್ದಕ್ಕಿಂತ ಹೆಚ್ಚು ಎಳೆಗಳಿರುವುದನ್ನೇ ತೆಗೆದುಕೊಳ್ಳಿ. ಮತ್ತೆ ನೆಲ ಅಗೆಯುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಕಟ್ಟಡದ ಒಳಗೆ ಬಳಸುವ ಕೇಬಲ್‌ನಲ್ಲಿ ಸುರುಳಿ ಸುತ್ತಿದ ಸ್ಟೀಲ್ ಅಥವಾ ಅಲ್ಯೂಮಿನಿಯಂ ಕವಚ ಇರುತ್ತದೆ. ಅದರ ಹೊರ ಜಾಕೆಟ್ ಬೆಂಕಿ ಹರಡದಂಥದ್ದು, ಹೊಗೆ ಕಡಿಮೆ ಬಿಡುವಂಥದ್ದು ಆಗಿರಬೇಕು. ಹೊರಗಿನದಕ್ಕೆ ಸುಕ್ಕುಸುಕ್ಕಾದ ಸ್ಟೀಲ್ ಪಟ್ಟಿ, ನೀರು ತಡೆಯುವ ಜೆಲ್ ಅಥವಾ ಟೇಪ್, ಮೇಲೆ ಕಪ್ಪು ಪಾಲಿಥಿಲೀನ್. ಈ ಕಪ್ಪು ಜಾಕೆಟ್ ಬಿಸಿಲಿಗೆ ಜಗ್ಗುವುದಿಲ್ಲ, ಆದರೆ ಬೆಂಕಿಗೆ ಚೆನ್ನಾಗಿ ಉರಿಯುತ್ತದೆ. ಹಾಗಾಗಿ ಅದನ್ನೇ ಕಟ್ಟಡದೊಳಗೆ ದೂರದವರೆಗೆ ಎಳೆಯಬೇಡಿ. ಗೋಡೆ ದಾಟಿದ ಕೂಡಲೇ ಪೆಟ್ಟಿಗೆಯಲ್ಲಿ ಜಾಯಿಂಟ್ ಮಾಡಿ ಒಳಗಿನ ಕೇಬಲ್‌ಗೆ ಬದಲಾಯಿಸಿ. ಹೈಟೆನ್ಷನ್ ಲೈನ್ ಹತ್ತಿರವಿದ್ದರೆ ಲೋಹವೇ ಇಲ್ಲದ, ಗಾಜಿನ ನಾರಿನ ಕವಚದ್ದನ್ನು ಕೇಳಿ.

ಕೇಬಲ್ ಬಂದ ಮೇಲೆ, ಡ್ರಮ್ಮಿನಲ್ಲಿರುವಾಗಲೇ ಓಟಿಡಿಆರ್ ಯಂತ್ರದಿಂದ (ಎಳೆಯೊಳಗೆ ಬೆಳಕು ಬಿಟ್ಟು ದೋಷ ಎಲ್ಲಿದೆ ಎಂದು ತೋರಿಸುವ ಯಂತ್ರ) ಪರೀಕ್ಷಿಸಿ. ಹೂತ ಮೇಲೆ ದೋಷ ಗೊತ್ತಾದರೆ ಜಗಳ ಯಾರ ಹತ್ತಿರ ಆಡುವುದು, ಅಲ್ವಾ? ಕೇಬಲ್ ಹೂಳಲು ಅಗೆದ ಕಾಲುವೆಯ ತಳದಲ್ಲಿ ಚೂಪು ಕಲ್ಲು ಉಳಿಯದಂತೆ ಮರಳು ಹಾಸಿ. ಮುಚ್ಚುವಾಗ ಕೇಬಲ್‌ನಿಂದ ಒಂದಡಿ ಮೇಲೆ ಎಚ್ಚರಿಕೆಯ ಟೇಪ್ ಹಾಕಿ.

ಎಳೆಯುವಾಗ ಬಹಳ ಜನ ಎಡವುತ್ತಾರೆ. ಕವಚ ಇರುವುದು ಒತ್ತಡ ತಡೆಯಲು. ಎಳೆತ ಹೊರುವುದು ಒಳಗಿನ ಅರಾಮಿಡ್ ಎಂಬ ಬಲು ಗಟ್ಟಿ ನಾರು ಮತ್ತು ನಡುವಿನ ಕಡ್ಡಿ. ಹಗ್ಗವನ್ನು ಅವಕ್ಕೇ ಕಟ್ಟಬೇಕು, ಜಾಕೆಟ್ ಹಿಡಿದು ಜಗ್ಗಬಾರದು. ಎಳೆಯುವಾಗ ಬಾಗಿನ ತ್ರಿಜ್ಯ ಕೇಬಲ್ ದಪ್ಪದ 20 ಪಟ್ಟು, ಹಾಕಿದ ಮೇಲೆ 10 ಪಟ್ಟಿಗಿಂತ ಕಡಿಮೆಯಾಗಬಾರದು. 12 ಮಿಲಿಮೀಟರ್ ದಪ್ಪದ ಕೇಬಲ್‌ಗೆ ಎಳೆಯುವಾಗ 24 ಸೆಂಟಿಮೀಟರ್. ತಯಾರಕರ ಹಾಳೆ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಬಿಚ್ಚಿದ ಕೇಬಲ್ ಅನ್ನು ನೆಲದ ಮೇಲೆ ಇಂಗ್ಲಿಷ್ ಎಂಟರ ಆಕಾರದಲ್ಲಿ ಹರಡಿದರೆ ಅದು ತಿರುಚಿಕೊಳ್ಳುವುದಿಲ್ಲ.

ಕವಚ ಕತ್ತರಿಸಲು ಅದಕ್ಕೆಂದೇ ಇರುವ ಕಟರ್ ಬಳಸಿ, ಕೈಗವಸು ಇರಲಿ. ಅಂಚು ಬ್ಲೇಡಿನಷ್ಟೇ ಹರಿತ. ಗೋಡೆಯ ತೂತು ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ, ಮಳೆನೀರು ಒಳಗೆ ಬರುವುದಿಲ್ಲ.

ಬಿಡಲೇಬಾರದ ಕೆಲಸ ಅರ್ಥಿಂಗ್. ಎಳೆಯಲ್ಲಿ ಕರೆಂಟ್ ಹರಿಯದಿದ್ದರೂ ಲೋಹದ ಕವಚದಲ್ಲಿ ಸಿಡಿಲಿನದೋ, ಬೇರೆ ತಂತಿಯದೋ ಕರೆಂಟ್ ಹರಿಯಬಹುದು. ಕೇಬಲ್ ಕಟ್ಟಡಕ್ಕೆ ಬರುವಲ್ಲೇ ಕವಚವನ್ನು ಕ್ಲ್ಯಾಂಪ್ ಹಾಕಿ ಕಟ್ಟಡದ ಅರ್ಥಿಂಗ್‌ಗೆ ಸೇರಿಸಿ. ಇದನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ.

ಕೊನೆಯ ಪರೀಕ್ಷೆಗೆ ಮೊದಲು ಕನೆಕ್ಟರ್ ಒರೆಸಿ. ಎಳೆಯ ತುದಿಯೊಳಗೆ ಇಣುಕಬೇಡಿ, ಅದರಲ್ಲಿ ಹರಿಯುವ ಬೆಳಕು ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಹುದು. ಸಿಂಗಲ್ ಮೋಡ್ ಆದರೆ 1310, 1550 ನ್ಯಾನೋಮೀಟರ್ ತರಂಗಾಂತರದ ಬೆಳಕು ಎರಡರಲ್ಲೂ ನಷ್ಟ (ದಾರಿಯಲ್ಲಿ ಕಳೆದುಹೋಗುವ ಬೆಳಕು) ಅಳೆಯಿರಿ. ಒಂದೇ ಜಾಗದಲ್ಲಿ 1310ಕ್ಕಿಂತ 1550ರಲ್ಲಿ ನಷ್ಟ ಜಾಸ್ತಿ ಕಂಡರೆ, ಅಲ್ಲಿ ಕೇಬಲ್ ಅತಿಯಾಗಿ ಬಾಗಿರುವ ಸಾಧ್ಯತೆಯೇ ಹೆಚ್ಚು.